ಕೀರ್ತನೆ ಯಾರದ್ದು? – ದಾವೀದನ ಹಾಡುಗಳನ್ನು ಆದಿ ಕ್ರೈಸ್ತರು ಓದಿಕೊಂಡ ಬಗೆ

(ಸಂಘದ ಮಹಿಳಾ ವಿಭಾಗವು ಘಾಟ್ಕೋಪರ್‌ನಲ್ಲಿ ನಡೆಸಿದ ‘ಭಕ್ತಿ ಸಾಹಿತ್ಯ – ನೆರೆಹೊರೆ’ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಮಾಲೆಯಲ್ಲಿ ಹಿಂದೆ ಮಾತಾಡಿದವರು ಅಕ್ಕಮಹಾದೇವಿಯ ಬಗ್ಗೆ, ಪುರಂದರದಾಸರ ಬಗ್ಗೆ, ಮರಾಠಿ ಸಂತರ ಅಭಂಗಗಳ ಬಗ್ಗೆ ಹೇಳಿದ್ದಾರೆ. ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರು, “ಇದೇನು, ನೀವು ಯಾವಾಗಿನಿಂದ ಬೈಬಲ್ ಓದಲು ಶುರು ಮಾಡಿದಿರಿ?” ಎಂದು ನಕ್ಕರು. ನಾನು ವಿದ್ವಾಂಸಳಲ್ಲ, ಕ್ರೈಸ್ತಳೂ ಅಲ್ಲ. ಆದರೆ ಈ ವಿಷಯ ನನ್ನ ಮನೆಬಾಗಿಲಿಗೇ ಬಂದದ್ದು. ಹೇಗೆ ಬಂತು ಎಂಬಲ್ಲಿಂದಲೇ ಆರಂಭಿಸುತ್ತೇನೆ.

ಪಂತ್ ನಗರದ ನಮ್ಮ ಕಟ್ಟಡದಲ್ಲಿ, ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಟೀಚರ್ ಇದ್ದರು. ಮಂಗಳೂರಿನ ಪ್ರೊಟೆಸ್ಟೆಂಟ್ ಕ್ರೈಸ್ತ ಮನೆತನದವರು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತರಾದವರು. ನಾನು ಅವರನ್ನು ‘ಟೀಚರ್’ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ‘ಮಾರಾಯ್ತಿ’ ಎನ್ನುತ್ತಿದ್ದರು. ನಮ್ಮ ಮನೆಯ ಪತ್ರೊಡೆ ಕೆಳಗೆ ಹೋಗುತ್ತಿತ್ತು, ಅವರ ಕ್ರಿಸ್ಮಸ್ಸಿನ ಕಲ್ಕಲ್ ಮೇಲೆ ಬರುತ್ತಿತ್ತು.

2005ರ ಜುಲೈ 26 ನಿಮಗೆಲ್ಲ ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ಟ್ರೇನ್ ಇಲ್ಲ, ಫೋನ್ ಇಲ್ಲ, ಕರೆಂಟ್ ಇಲ್ಲ. ಟೀಚರ ಯಜಮಾನರು ಮನೆಗೆ ಬಂದಿರಲಿಲ್ಲ, ನನ್ನವರೂ ಬಂದಿರಲಿಲ್ಲ. ನಾವಿಬ್ಬರೂ ಅವರ ಮನೆಯಲ್ಲಿ ಒಂದು ಮೇಣದ ಬತ್ತಿ ಹಚ್ಚಿಕೊಂಡು ಕೂತೆವು. ನಾನು ಬಾಯಲ್ಲಿ ಬಂದ ದಾಸರ ಪದಗಳನ್ನೆಲ್ಲ ಗುನುಗಿದೆ. ಟೀಚರ್ ಪುಸ್ತಕ ತೆಗೆಯದೆ, ಕಣ್ಣುಮುಚ್ಚಿ, ಕನ್ನಡದಲ್ಲಿ ಏನೋ ಹೇಳತೊಡಗಿದರು. ನೀರಿನಲ್ಲಿ ಮುಳುಗುತ್ತಿರುವ ಒಬ್ಬನ ಮೊರೆ ಅದು. ಕಾಲಿಗೆ ನೆಲ ಸಿಗುತ್ತಿಲ್ಲ, ಕೂಗಿ ಕೂಗಿ ಗಂಟಲು ಒಣಗಿದೆ, ದೇವರಿಗಾಗಿ ಕಾದು ಕಣ್ಣು ಸೋತಿದೆ. ನಾನು ಬೆಚ್ಚಿಬಿದ್ದೆ. “ಟೀಚರ್, ಇದು ಇವತ್ತಿನ ಮುಂಬಯಿ ನೋಡಿ ಬರೆದ ಹಾಗಿದೆಯಲ್ಲ!” ಎಂದೆ. “ಅರುವತ್ತೊಂಬತ್ತನೆಯ ಕೀರ್ತನೆ ಮಾರಾಯ್ತಿ. ಎರಡು ಸಾವಿರ ವರ್ಷಕ್ಕಿಂತಲೂ ಹಳೆಯದು,” ಎಂದರು.

ಇಬ್ಬರ ಯಜಮಾನರೂ ಮರುದಿನ ನಡೆದುಕೊಂಡೇ ಮನೆಗೆ ಬಂದರು. ಆದರೆ ನನ್ನ ತಲೆಯಲ್ಲಿ ‘ಕೀರ್ತನೆ’ ಎಂಬ ಮಾತು ಉಳಿಯಿತು. ಅದು ನಮ್ಮದೇ ಮಾತಲ್ಲವೇ?

ಹೌದು. ಹೀಬ್ರೂ ಭಾಷೆಯ 150 ಭಕ್ತಿಗೀತೆಗಳ ಈ ಸಂಗ್ರಹಕ್ಕೆ ಇಂಗ್ಲಿಷಿನಲ್ಲಿ ‘ಸಾಮ್ಸ್’ ಎನ್ನುತ್ತಾರೆ. ತಂತಿ ಮೀಟುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಕನ್ನಡ ಬೈಬಲಿನಲ್ಲಿ ಅದರ ಹೆಸರು ‘ಕೀರ್ತನೆಗಳು’. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅದೇ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದವರು, 1850ರಲ್ಲಿ ಮಂಗಳೂರಿನಲ್ಲಿ ‘ದಾಸರ ಪದಗಳು’ ಎಂಬ ಸಂಗ್ರಹವನ್ನೂ ಅಚ್ಚು ಹಾಕಿಸಿದರು. ಅಂದರೆ ದಾವೀದನ ಕೀರ್ತನೆ, ಪುರಂದರದಾಸರ ಕೀರ್ತನೆ ಎರಡೂ ಕನ್ನಡದಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅಚ್ಚಿನ ಮನೆ ಕಂಡವು. ಮೇಣದ ಬತ್ತಿಯ ಬೆಳಕಿನಲ್ಲಿ ನಾವಿಬ್ಬರು ಹೆಂಗಸರು ಒಂದೇ ಕೋಣೆಯಲ್ಲಿ ಹಾಡಿಕೊಂಡದ್ದು ಅಷ್ಟೇನೂ ಅಚ್ಚರಿಯಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಟೀಚರ್ ಹೇಳಿದ ಆ ಮೊರೆ ಯಾರದ್ದು? ಪುಸ್ತಕದಲ್ಲಿ ದಾವೀದನ ಹೆಸರಿದೆ. ಯೇಸುವಿನ ಶಿಷ್ಯ ಪರಂಪರೆ ಅದೇ ಕೀರ್ತನೆಯನ್ನು ಯೇಸುವಿನದೇ ಮಾತೆಂದು ಓದಿತು. ಬಾಯಾರಿದವನಿಗೆ ಹುಳಿರಸ ಕೊಟ್ಟರೆಂಬ ಮಾತು ಅದರಲ್ಲಿ ಬರುತ್ತದೆ, ಅದನ್ನು ಶಿಲುಬೆಯ ಕಥೆಯೊಂದಿಗೆ ಸೇರಿಸಿಕೊಂಡರು. ಆ ರಾತ್ರಿಯಲ್ಲಾದರೋ ಅದು ಘಾಟ್ಕೋಪರಿನ ಒಬ್ಬ ಹೆಂಗಸಿನ ಮೊರೆಯಾಗಿತ್ತು. ಒಂದೇ ಹಾಡು ಮೂವರದ್ದು ಆಗುವುದು ಹೇಗೆ? ಕ್ರಿಸ್ತಶಕದ ಮೊದಲ ನಾಲ್ಕೈದು ಶತಮಾನಗಳ ಕ್ರೈಸ್ತ ಲೇಖಕರು ತಲೆಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ.

ಮೊದಲ ಉತ್ತರ: ಇದು ಭವಿಷ್ಯವಾಣಿ. ಸುಮಾರು 160ರಲ್ಲಿ ಜಸ್ಟಿನ್ ಎಂಬ ಲೇಖಕ, ಟ್ರೈಫೋ ಎಂಬ ಯೆಹೂದಿ ಪಂಡಿತನ ಜೊತೆಗಿನ ಸಂವಾದವೊಂದನ್ನು ಬರೆದ. ಅದರಲ್ಲಿ 22ನೆಯ ಕೀರ್ತನೆಯನ್ನು ವಾಕ್ಯ ವಾಕ್ಯವಾಗಿ ಬಿಡಿಸಿ, ಇದೆಲ್ಲ ಯೇಸುವಿಗೇ ಸಲ್ಲುತ್ತದೆ ಎಂದು ವಾದಿಸುತ್ತಾನೆ. ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ್ದು ಆ ಕೀರ್ತನೆಯ ಆರಂಭದ ಮಾತನ್ನೇ ಎಂದು ಸುವಾರ್ತೆಗಳು ಹೇಳುವುದರಿಂದ, ಕ್ರೈಸ್ತರಿಗೆ ಆ ಓದು ಸಹಜವಾಗಿತ್ತು.

ಆದರೆ ಇಲ್ಲೊಂದು ಕಹಿಯೂ ಇದೆ, ಅದನ್ನು ಮುಚ್ಚಿಡಬಾರದು. 96ನೆಯ ಕೀರ್ತನೆಯಲ್ಲಿ ಶಿಲುಬೆಯ ಮರವನ್ನು ಸೂಚಿಸುವ ಒಂದು ಮಾತಿತ್ತು, ಯೆಹೂದಿಗಳು ಅದನ್ನು ಅಳಿಸಿಹಾಕಿದರು ಎಂದು ಜಸ್ಟಿನ್ ಆರೋಪಿಸುತ್ತಾನೆ. ಹೀಬ್ರೂ ಮೂಲದಲ್ಲಿ ಆ ಮಾತು ಇಲ್ಲ. ಅದು ಕ್ರೈಸ್ತರ ಕಡೆಯಿಂದಲೇ ಸೇರಿಕೊಂಡದ್ದು ಎಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರಕ್ಷೇಪ. ಯೆಹೂದಿಗಳ ಹಾಡುಪುಸ್ತಕವನ್ನೇ ಹಿಡಿದುಕೊಂಡು, ಇದು ನಿಮಗೆ ಅರ್ಥವಾಗಿಲ್ಲ ಎಂದು ಯೆಹೂದಿಗಳಿಗೇ ಹೇಳುವ ಧಾಟಿ ಆ ಕಾಲದ ಹಲವು ಬರಹಗಳಲ್ಲಿದೆ. ಮುಂದಿನ ಶತಮಾನಗಳಲ್ಲಿ ಯೆಹೂದ್ಯರು ಅನುಭವಿಸಿದ ದ್ವೇಷಕ್ಕೆ ಇಂಥ ಬರಹಗಳೂ ಇಂಬು ಕೊಟ್ಟವು. ಇನ್ನೊಬ್ಬರ ಹಾಡನ್ನು ನಮ್ಮದಾಗಿಸಿಕೊಳ್ಳುವುದು ಬೇರೆ, ಅವರಿಂದ ಕಸಿದುಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳೋಣ.

ಎಲ್ಲರೂ ಹಾಗೆ ಓದಲಿಲ್ಲ. ಅಂತಿಯೋಕ್ಯದ ಪರಂಪರೆಯಲ್ಲಿ ಬೆಳೆದ ಥಿಯೋಡೋರ್ ಎಂಬ ಬಿಷಪ್, ಕೀರ್ತನೆಯನ್ನು ಮೊದಲು ಅದರ ಕಾಲ, ಸಂದರ್ಭದಲ್ಲಿ ಓದಬೇಕೆಂದ. 150ರಲ್ಲಿ ಕೇವಲ ನಾಲ್ಕು ಕೀರ್ತನೆಗಳು, ಅಂದರೆ 2, 8, 45 ಮತ್ತು 110, ನೇರವಾಗಿ ಕ್ರಿಸ್ತನ ಬಗ್ಗೆ ಇವೆ ಎಂದ. ಉಳಿದವು ದಾವೀದನ ಕಾಲದ್ದೋ ಯೆಹೂದ್ಯರ ಮುಂದಿನ ಚರಿತ್ರೆಯದ್ದೋ ಎಂದ. ಅವನು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 553ರಲ್ಲಿ, ಧರ್ಮಸಭೆ ಅವನನ್ನು ಖಂಡಿಸಿತು. ಅವನ ಪುಸ್ತಕಗಳು ಬಹುಪಾಲು ಹಾಳಾದವು.

ಇದಕ್ಕೆ ತದ್ವಿರುದ್ಧ ದಾರಿ ಅಲೆಕ್ಸಾಂಡ್ರಿಯದ ಒರಿಗನ್‌ನದ್ದು. ಮೂರನೆಯ ಶತಮಾನದವನು. ಪ್ರತಿ ಮಾತಿನ ಒಳಗೆ ಇನ್ನೊಂದು ಅರ್ಥ ಹುಡುಕುವವನು. ಇವನ ಬಗ್ಗೆ ಹೇಳುವಾಗ ಒಬ್ಬ ಹೆಂಗಸಿನ ಹೆಸರನ್ನು ಹೇಳದಿದ್ದರೆ ನಮ್ಮ ವೇದಿಕೆಗೆ ಅವಮಾನ! ಒರಿಗನ್ ಕೀರ್ತನೆಗಳ ಮೇಲೆ ಮಾಡಿದ ಪ್ರವಚನಗಳ ಗ್ರೀಕ್ ಮೂಲ ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. 2012ರಲ್ಲಿ ಜರ್ಮನಿಯ ಮ್ಯೂನಿಕ್ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಗಳ ಪಟ್ಟಿ ಮಾಡುತ್ತಿದ್ದ ಮರೀನಾ ಮೊಲಿನ್ ಪ್ರಡೆಲ್ ಎಂಬ ಇಟಲಿಯ ವಿದುಷಿ, ಹೆಸರಿಲ್ಲದ ಒಂದು ಹಸ್ತಪ್ರತಿಯನ್ನು ತಾಳೆ ನೋಡಿ ಅದು ಒರಿಗನ್‌ನದ್ದೆಂದು ಗುರುತಿಸಿದರು. 29 ಪ್ರವಚನಗಳು! ಕಪಾಟು ಜೋಡಿಸುವಾಗ ಹೆಂಗಸರ ಕಣ್ಣಿಗೆ ಏನೂ ತಪ್ಪುವುದಿಲ್ಲ, ಅಲ್ಲವೇ?

ಒರಿಗನ್‌ನ ವಿಧಾನ ಏಕೆ ಬೇಕಾಯಿತು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾನು ಟೀಚರ ಪುಸ್ತಕ ಓದುತ್ತ ಹೋದಾಗ 137ನೆಯ ಕೀರ್ತನೆಗೆ ಬಂದೆ. ಊರು ಬಿಟ್ಟು ಬಾಬಿಲೋನಿನ ನದಿಯ ದಂಡೆಯಲ್ಲಿ ಸೆರೆಯಾಳುಗಳಾಗಿ ಕೂತವರ ಹಾಡು. ಊರು ಬಿಟ್ಟ ಮುಂಬಯಿ ಕನ್ನಡಿಗರಿಗೆ ಎದೆ ಹಿಂಡುವಂಥದ್ದು. ಆದರೆ ಕೊನೆಯಲ್ಲಿ ಶತ್ರುವಿನ ಎಳೆಯ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಹರಸುವ ಮಾತು ಬರುತ್ತದೆ. ನನಗೆ ಓದಲಾಗಲಿಲ್ಲ. ಪುಸ್ತಕ ಹಿಡಿದುಕೊಂಡೇ ಕೆಳಗೆ ಹೋದೆ. “ಟೀಚರ್, ಇದನ್ನೂ ದೇವರ ಮುಂದೆ ಹಾಡುತ್ತೀರಾ?” ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. “ನನ್ನಮ್ಮ ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚುತ್ತಿದ್ದರು. ನಾನೂ ಮುಚ್ಚುತ್ತೇನೆ,” ಎಂದರು.

ಒರಿಗನ್ ಪುಸ್ತಕ ಮುಚ್ಚಲಿಲ್ಲ, ಅರ್ಥ ಬದಲಿಸಿದ. ಬಾಬಿಲೋನ್ ಎಂದರೆ ಗೊಂದಲ. ಅದರ ಕೂಸುಗಳೆಂದರೆ ನಮ್ಮ ಮನಸ್ಸಿನಲ್ಲಿ ಆಗತಾನೇ ಹುಟ್ಟುವ ಕೆಟ್ಟ ಆಲೋಚನೆಗಳು. ಅವು ಬೆಳೆಯುವ ಮುಂಚೆಯೇ ವಿವೇಕದ ಬಂಡೆಗೆ ಬಡಿಯಬೇಕು. ಕುರುಕ್ಷೇತ್ರವೆಂದರೆ ನಮ್ಮೊಳಗಿನ ಯುದ್ಧ ಎಂದು ನಮ್ಮ ಪ್ರವಚನಕಾರರು ಹೇಳುವುದನ್ನು ಕೇಳಿದವರಿಗೆ ಈ ದಾರಿ ಹೊಸದಲ್ಲ. ಇದರಿಂದ ಒಳ್ಳೆಯದಾಯಿತು, ಏಕೆಂದರೆ ಶತಮಾನಗಳ ಕಾಲ ಎಷ್ಟೋ ಮಂದಿ ಆ ಸಾಲನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು, ಪರರ ಮೇಲಲ್ಲ. ಆದರೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಆ ಹಾಡು ಕಟ್ಟಿದವರು ನಿಜವಾದ ಸಿಟ್ಟಿನಲ್ಲಿ, ನಿಜವಾದ ಕೂಸುಗಳನ್ನು ಕಳೆದುಕೊಂಡು ಹಾಡಿರಬಹುದು. ಅರ್ಥ ಬದಲಿಸಿದರೆ ಆ ತಾಯಂದಿರ ನೋವೂ ಅಳಿಸಿಹೋಗುತ್ತದೆ. ಟೀಚರ ಅಮ್ಮ ಪುಸ್ತಕ ಮುಚ್ಚಿದ್ದೂ ಒಂದು ವ್ಯಾಖ್ಯಾನವೇ ಎಂದು ನನಗೆ ಅನಿಸುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಉತ್ತರ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಆಗಿದ್ದ ಅಥನೇಸಿಯಸ್, ಐದು ಸಲ ಗಡಿಪಾರಾದ ಮನುಷ್ಯ. ಕಾಯಿಲೆ ಬಿದ್ದು ಕೀರ್ತನೆಗಳನ್ನು ಓದುತ್ತಿದ್ದ ಮಾರ್ಸೆಲಿನಸ್ ಎಂಬವನಿಗೆ ಅವನು ಒಂದು ದೀರ್ಘ ಪತ್ರ ಬರೆದ. ಒಬ್ಬ ಮುದುಕ ತನಗೆ ಹೇಳಿದ್ದನ್ನು ಬರೆಯುತ್ತಿದ್ದೇನೆ ಎನ್ನುತ್ತಾನೆ. ಅದರ ತಿರುಳು ಇಷ್ಟು: ಧರ್ಮಗ್ರಂಥದ ಉಳಿದ ಭಾಗಗಳನ್ನು ಓದುವಾಗ ಅದು ಮೋಶೆಯ ಮಾತು, ಇದು ಪ್ರವಾದಿಯ ಮಾತು ಎಂದು ನಮಗೆ ಗೊತ್ತಿರುತ್ತದೆ. ಕೀರ್ತನೆಯನ್ನು ಹೇಳುವಾಗ ಮಾತ್ರ ಅದು ನಮ್ಮದೇ ಮಾತಾಗುತ್ತದೆ. ಅದು ಕನ್ನಡಿಯ ಹಾಗೆ, ನೋಡಿದವರಿಗೆ ಅವರವರ ಮನಸ್ಸಿನ ಮುಖ ಕಾಣಿಸುತ್ತದೆ. ಆಮೇಲೆ ಅವನು ಪಟ್ಟಿಯನ್ನೇ ಕೊಡುತ್ತಾನೆ: ಹೆದರಿಕೆಯಾದಾಗ ಇದು, ಮೋಸ ಹೋದಾಗ ಇದು, ತಪ್ಪು ಮಾಡಿ ನಾಚಿಕೆಯಾದಾಗ ಇದು, ಬೆಳೆ ಬಂದಾಗ ಇದು. ನಮ್ಮ ಅಜ್ಜಿಯರು ಹೊಟ್ಟೆನೋವಿಗೆ ಓಮ, ಕೆಮ್ಮಿಗೆ ತುಳಸಿ ಎಂದು ಹೇಳಿದ ಹಾಗೆ.

ಮದ್ದಿನ ಮಾತು ಬಂತು. ಇಂದಿನ ತುರ್ಕಿಯ ಕಪ್ಪದೋಕ್ಯದಲ್ಲಿದ್ದ ಬೆಸಿಲ್ ಎಂಬ ಬಿಷಪ್ ಹೇಳುತ್ತಾನೆ: ವೈದ್ಯರು ಕಹಿಮದ್ದಿನ ಬಟ್ಟಲಿನ ಅಂಚಿಗೆ ಜೇನು ಸವರುವಂತೆ, ದೇವರು ಉಪದೇಶಕ್ಕೆ ರಾಗವನ್ನು ಸವರಿದ್ದಾನೆ. ಜೊತೆಗೆ ಕೂತು ದೇವರಿಗೆ ಒಂದೇ ದನಿಯಲ್ಲಿ ಹಾಡಿದವನನ್ನು ವೈರಿಯೆಂದು ಹೇಗೆ ತಿಳಿಯುವುದು ಎಂದೂ ಕೇಳುತ್ತಾನೆ. ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಯಾರು ನುಡಿಸಬೇಕೆಂದು ಜಗಳವಾದಾಗಲೆಲ್ಲ ನನಗೆ ಬೆಸಿಲ್ ನೆನಪಾಗುತ್ತಾನೆ!

ಈ ಬೆಸಿಲನ ಅಕ್ಕ ಮಕ್ರೀನಾ. ಅವಳ ಚರಿತ್ರೆಯನ್ನು ಇನ್ನೊಬ್ಬ ತಮ್ಮ, ನಿಸ್ಸದ ಗ್ರೆಗರಿ, ಬರೆದಿದ್ದಾನೆ. ಆ ಕಾಲದ ಮಕ್ಕಳಿಗೆ ಕವಿಗಳ ದುರಂತ ಕಥೆಗಳನ್ನು ಕಲಿಸುವ ಪದ್ಧತಿ ಇತ್ತು. ಮಕ್ರೀನಾಳ ತಾಯಿ ಅದನ್ನು ಬೇಡವೆಂದು ಕೀರ್ತನೆಗಳನ್ನು ಕಲಿಸಿದಳು. ಆ ಹುಡುಗಿ ಏಳುವಾಗ, ಕೆಲಸ ಶುರುಮಾಡುವಾಗ, ಮುಗಿಸುವಾಗ, ಊಟಕ್ಕೆ ಕೂರುವಾಗ, ಮಲಗುವಾಗ ಒಂದೊಂದು ಕೀರ್ತನೆ ಹೇಳುತ್ತಿದ್ದಳಂತೆ. ಒಳ್ಳೆಯ ಜೊತೆಗಾರನಂತೆ ಅವು ಅವಳನ್ನು ಬಿಟ್ಟಗಲಲಿಲ್ಲ. ಪೌಲಾ ಎಂಬ ರೋಮಿನ ಶ್ರೀಮಂತ ವಿಧವೆ ಬೆತ್ಲೆಹೇಮಿಗೆ ಹೋಗಿ ನೆಲೆಸಿ, ಕೀರ್ತನೆಗಳನ್ನು ಮೂಲದಲ್ಲೇ ಹಾಡಬೇಕೆಂದು ಹೀಬ್ರೂ ಕಲಿತಳು. ಅವಳೂ ಅವಳ ಮಗಳೂ ಬರೆದ ಹೆಸರಿನಲ್ಲಿ ಒಂದು ಪತ್ರವಿದೆ. ಅಲ್ಲಿ ನೇಗಿಲು ಹಿಡಿದವನೂ ದ್ರಾಕ್ಷಿ ಬಳ್ಳಿ ಸವರುವವನೂ ದಾವೀದನ ಹಾಡನ್ನೇ ಹಾಡುತ್ತಾರೆ ಎಂದು ಅದು ವರ್ಣಿಸುತ್ತದೆ. ಬೀಸುವ ಕಲ್ಲಿನ ಪದ ಕೇಳಿ ಬೆಳೆದವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. 404ರಲ್ಲಿ ಪೌಲಾ ತೀರಿಕೊಂಡಾಗ ಗ್ರೀಕ್, ಲ್ಯಾಟಿನ್, ಸಿರಿಯಾಕ್ ಮೂರು ಭಾಷೆಗಳಲ್ಲಿ ಕೀರ್ತನೆ ಹಾಡಿದರು. ನಮ್ಮ ಮುಂಬಯಿಯ ಸಾವಿನ ಮನೆಗಳ ಹಾಗೆಯೇ, ಬಂದವರೆಲ್ಲ ಅವರವರ ಭಾಷೆಯಲ್ಲಿ.

ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಎಂಬ ಮಾತು ಆಗ ಬಲವಾಗಿತ್ತು. ಆದರೂ ಮಿಲಾನಿನ ಬಿಷಪ್ ಅಂಬ್ರೋಸ್, ಹೆಂಗಸರೂ ಕೀರ್ತನೆಯನ್ನು ಚೆನ್ನಾಗಿಯೇ ಹಾಡುತ್ತಾರೆ ಎಂದು ಒಪ್ಪಿಕೊಂಡ. ಭಾಷಣಕ್ಕೆ ಮುಚ್ಚಿದ ಬಾಗಿಲು ಹಾಡಿಗೆ ತೆರೆದಿತ್ತು. 386ರಲ್ಲಿ ರಾಜಮಾತೆಯ ಕಡೆಯವರು ಅವನ ದೇವಾಲಯವನ್ನು ವಶಪಡಿಸಿಕೊಳ್ಳಲು ಬಂದಾಗ, ಜನ ಒಳಗೇ ಉಳಿದು ರಾತ್ರಿಯಿಡೀ ಕಾವಲು ಕಾದರು. ದುಃಖದಿಂದ ಸೊರಗಬಾರದೆಂದು ಪೂರ್ವದೇಶದ ಪದ್ಧತಿಯಂತೆ ಕೀರ್ತನೆ ಹಾಡುವ ರೂಢಿ ಅಲ್ಲಿ ಆಗ ಶುರುವಾಯಿತು. ಆ ಕಾವಲಿನಲ್ಲಿ ಮುಂದಾಗಿ ನಿಂತವರಲ್ಲಿ ಒಬ್ಬ ತಾಯಿ ಇದ್ದಳು, ಮೋನಿಕಾ. ಅಗಸ್ಟೀನನ ತಾಯಿ.

ಅಗಸ್ಟೀನ್ ಇಂದಿನ ಅಲ್ಜೀರಿಯದ ಹಿಪ್ಪೋ ಎಂಬ ಊರಿನ ಬಿಷಪ್ ಆದವನು. 150 ಕೀರ್ತನೆಗಳಿಗೂ ವ್ಯಾಖ್ಯಾನ ಹೇಳಿದ್ದಾನೆ, ಅವನ ಬರಹಗಳಲ್ಲೇ ಅದು ಅತಿ ದೊಡ್ಡದು. 176 ವಾಕ್ಯಗಳ 119ನೆಯ ಕೀರ್ತನೆಯನ್ನು ಮಾತ್ರ ಬಹಳ ಕಾಲ ಮುಂದೂಡಿದ. ನೋಡಲು ಸುಲಭ, ಇಳಿದರೆ ಆಳ ಎಂದು ಹೆದರಿದನಂತೆ. ನಾನು ಎತ್ತಿದ ಪ್ರಶ್ನೆಗೆ ಅವನ ಉತ್ತರ ಹೀಗಿದೆ: ತಲೆ ಮತ್ತು ದೇಹ ಸೇರಿ ಒಬ್ಬನೇ ಮನುಷ್ಯ. ಕ್ರಿಸ್ತ ತಲೆ, ಭಕ್ತ ಸಮುದಾಯ ದೇಹ. ಆದ್ದರಿಂದ ಕೀರ್ತನೆಯಲ್ಲಿ ಕೇಳುವುದು ಒಂದೇ ದನಿ. ಒಮ್ಮೆ ಅವನು ನಮಗಾಗಿ ಅಳುತ್ತಾನೆ, ಒಮ್ಮೆ ನಾವು ಅವನಲ್ಲಿ ಅಳುತ್ತೇವೆ. ಭಕ್ತರಲ್ಲದ ನಮಗೂ ಇದರ ಮರ್ಮ ತಿಳಿಯುತ್ತದೆ. ಕಾಲು ಮುಳ್ಳು ತುಳಿದರೆ ಕೂಗುವುದು ಬಾಯಿ ತಾನೇ?

ಯಾತ್ರಿಕರು ಯೆರೂಸಲೇಮಿಗೆ ಹೋಗುವಾಗ ಹಾಡುವ 15 ಕೀರ್ತನೆಗಳಿವೆ, 120ರಿಂದ 134ರವರೆಗೆ. ಅವುಗಳ ಬಗ್ಗೆ ಹೇಳುವಾಗ ಅಗಸ್ಟೀನ್, ಜಾತ್ರೆಗೆ ಹೊರಟ ಜನ ಒಬ್ಬರಿಗೊಬ್ಬರು ‘ಬನ್ನಿ, ಹೋಗೋಣ’ ಎನ್ನುತ್ತ ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಂತೆ ಹುರುಪುಗೊಳ್ಳುವುದನ್ನು ನೆನಪಿಸುತ್ತಾನೆ. ಆಷಾಢದಲ್ಲಿ ಪಂಢರಪುರದ ದಿಂಡಿ ನೋಡಿದ ಮುಂಬಯಿಯವರಿಗೆ ಬೇರೆ ವಿವರಣೆ ಬೇಡ.

ಇದೇ ಅಗಸ್ಟೀನನಿಗೆ ಒಂದು ಅನುಮಾನವೂ ಕಾಡುತ್ತಿತ್ತು. ಹಾಡಿನ ಅರ್ಥಕ್ಕಿಂತ ರಾಗವೇ ನನ್ನನ್ನು ಕರಗಿಸುತ್ತಿದೆಯೇ? ಹಾಗಾದರೆ ಅದು ತಪ್ಪಲ್ಲವೇ? ಅಥನೇಸಿಯಸ್ ಕೀರ್ತನೆಯನ್ನು ಹೆಚ್ಚುಕಡಿಮೆ ಮಾತಿನಂತೆಯೇ ಹೇಳಿಸುತ್ತಿದ್ದನಂತೆ, ಅದೇ ಸರಿಯೇನೋ ಎಂದುಕೊಳ್ಳುತ್ತಾನೆ. ಆಮೇಲೆ ತಾನು ಮಿಲಾನಿನಲ್ಲಿ ಹಾಡು ಕೇಳಿ ಅತ್ತದ್ದನ್ನು ನೆನೆದು, ಇರಲಿ, ಹಾಡು ಇರಲಿ ಎಂದು ಒಪ್ಪುತ್ತಾನೆ. ಸ್ಪರ್ಧೆಗೆ ಭಜನೆ ಕಲಿಯುವ ನಾವು ಈ ಅನುಮಾನವನ್ನು ಆಗಾಗ ನಮ್ಮಲ್ಲೂ ಕೇಳಿಕೊಳ್ಳಬೇಕು.

387ರಲ್ಲಿ ಮೋನಿಕಾ ತೀರಿಕೊಂಡಾಗ ಅಗಸ್ಟೀನ್ ಅವಳ ಕಣ್ಣುಮುಚ್ಚಿಸಿದ. ಅಳು ಬಂದರೂ ತಡೆದುಕೊಂಡ. ಆಗ ಇವೋಡಿಯಸ್ ಎಂಬ ಗೆಳೆಯ ಕೀರ್ತನೆಗಳ ಪುಸ್ತಕ ತೆಗೆದು ಹಾಡಲು ಶುರು ಮಾಡಿದ, ಮನೆಮಂದಿಯೆಲ್ಲ ದನಿಗೂಡಿಸಿದರು. ಅಂದರೆ ಮಗನ ಬಾಯಿಂದ ಮಾತು ಹೊರಡದಾಗ ಪಕ್ಕದಲ್ಲಿದ್ದವನು ಹಾಡಿದ.

ಇದನ್ನು ನಾನು ಏಕೆ ಹೇಳುತ್ತಿದ್ದೇನೆಂದರೆ, 2021ರ ಏಪ್ರಿಲಿನಲ್ಲಿ ನಮ್ಮ ಟೀಚರ್ ಮನೆಯಲ್ಲೇ ಕೊನೆಯ ದಿನಗಳನ್ನು ಎಣಿಸುತ್ತಿದ್ದರು. ಯಜಮಾನರು ಮೊದಲೇ ಹೋಗಿದ್ದರು. ಮಗಳು ವಿದೇಶದಲ್ಲಿ, ವಿಮಾನವಿಲ್ಲ. ಕೊರೊನಾದ ನಿರ್ಬಂಧದಿಂದ ಸಭಾಪಾಲಕರೂ ಬರುವ ಹಾಗಿರಲಿಲ್ಲ. ಮಗಳು ಫೋನ್ ಮಾಡಿ, “ಆಂಟಿ, ಅಮ್ಮನ ಪುಸ್ತಕದಿಂದ 121ನೆಯ ಕೀರ್ತನೆ ಓದುತ್ತೀರಾ?” ಎಂದಳು. ನಾನು ಹಿಂಜರಿದೆ. ನಾನು ಓದಬಹುದೇ? ನನ್ನ ಬಾಯಲ್ಲಿ ಅದು ಸುಳ್ಳಾಗುವುದಿಲ್ಲವೇ? ನನಗೆ ನಂಬಿಕೆಯಿಲ್ಲದ ಹೆಸರಿನಲ್ಲಿ ಅವರಿಗೆ ಸಮಾಧಾನ ಹೇಳುವುದು ಸರಿಯೇ?

ಕೊನೆಗೆ ಮಾಸ್ಕ್ ಹಾಕಿಕೊಂಡು ಹೋಗಿ ಕೂತೆ. ಬೆಟ್ಟದತ್ತ ನೋಡುವ ಯಾತ್ರಿಕನ ಎಂಟೇ ವಾಕ್ಯಗಳ ಹಾಡು ಅದು. ಮೂರನೆಯ ವಾಕ್ಯಕ್ಕೆ ನನ್ನ ದನಿ ನಿಂತಿತು. ಕಣ್ಣುಮುಚ್ಚಿ ಮಲಗಿದ್ದ ಟೀಚರ್ ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು. ಮಕ್ಕಳಿಗೆ ಪಾಠ ಒಪ್ಪಿಸುವಾಗ ಎತ್ತಿಕೊಡುವ ಹಾಗೆ. ಮೂರು ದಿನಗಳ ನಂತರ ಹೋದರು.

ಅವರ ಕಪಾಟಿನ ಪುಸ್ತಕಗಳನ್ನು ಮಗಳು ನನಗೆ ಕೊಟ್ಟಳು. ಅಗಸ್ಟೀನನ ಆತ್ಮನಿವೇದನೆ, ಅಥನೇಸಿಯಸ್‌ನ ಪತ್ರ, ಎಲ್ಲ ಇಂಗ್ಲಿಷ್ ಅನುವಾದದಲ್ಲಿ, ಪೆನ್ಸಿಲ್ ಗೆರೆಗಳೊಂದಿಗೆ. ಇಂದು ನಾನು ಹೇಳಿದ ಎಷ್ಟೋ ಸಂಗತಿಗಳ ದಾರಿ ತೋರಿದ್ದು ಆ ಗೆರೆಗಳೇ. ಅಗಸ್ಟೀನ್ ಕೂಡ 430ರಲ್ಲಿ, ಊರನ್ನು ವ್ಯಾಂಡಲರು ಮುತ್ತಿಗೆ ಹಾಕಿದ್ದಾಗ, ಪಶ್ಚಾತ್ತಾಪದ ಕೆಲವು ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿಕೊಂಡು, ಓದುತ್ತ ಅಳುತ್ತ ತೀರಿಕೊಂಡನಂತೆ. ಎಲ್ಲ 150ಕ್ಕೂ ಅರ್ಥ ಹೇಳಿದವನಿಗೂ ಕೊನೆಗೆ ಬೇಕಾದದ್ದು ಅರ್ಥವಲ್ಲ, ಓದಿಕೊಳ್ಳಲು ಒಂದಿಷ್ಟು ಸಾಲು.

ಕೀರ್ತನೆ ಯಾರದ್ದು ಎಂದು ಕೇಳಿದ್ದೆ. ಅದು ಮೊದಲು ಯೆಹೂದಿಗಳದ್ದು, ಈಗಲೂ ಅವರದ್ದು. ಆದಿ ಕ್ರೈಸ್ತರು ಅದನ್ನು ತಮ್ಮದಾಗಿಸಿಕೊಂಡರು, ಕೆಲವೊಮ್ಮೆ ಪ್ರೀತಿಯಿಂದ, ಕೆಲವೊಮ್ಮೆ ಜಗಳವಾಡಿ. ನನ್ನದಂತೂ ಅಲ್ಲ. ಆದರೆ ಹಾಸಿಗೆಯಲ್ಲಿ ಮಲಗಿದ ನೆರೆಮನೆಯವರಿಗಾಗಿ ಒಂದು ಸಂಜೆ ನನ್ನ ಬಾಯನ್ನು ಅದಕ್ಕೆ ಸಾಲ ಕೊಟ್ಟೆ. ಅಷ್ಟು ಸಾಕು ಎಂದು ಇವೋಡಿಯಸ್‌ನ ಕಥೆ ಓದಿದ ಮೇಲೆ ನನಗೆ ಧೈರ್ಯ ಬಂದಿದೆ.

ಒಂದು ಕೋರಿಕೆಯೊಂದಿಗೆ ಮುಗಿಸುತ್ತೇನೆ. ನಿಮ್ಮ ಕಟ್ಟಡದಲ್ಲಿ ಬೇರೆ ದೇವರನ್ನು ನಂಬುವ ವಯಸ್ಸಾದ ನೆರೆಯವರಿದ್ದರೆ, ಅವರ ಇಷ್ಟದ ಹಾಡು ಯಾವುದೆಂದು ಕೇಳಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಂದಾದರೂ ಬೇಕಾದೀತು. ನಿಮ್ಮದನ್ನೂ ಅವರಿಗೆ ಹೇಳಿರಿ.